ಹೇಗೆ ದಾಟಿದಳು, ಹೇಳಿ

ಮೂರು ವರ್ಷದಿಂದ ತಾತ್ಕಾಲಿಕ ಟೀಚರಾಗಿದ್ದ ಪಿಸಾಯಿನಾಳ ಹಣೆಬರಹ ಅಂದು ಒಂದೇ ಒಂದು ಇಂಗ್ಲಿಷ್ ಪಾಠದ ಮೇಲೆ ನಿಂತಿತ್ತು. ಇನ್‌ಸ್ಪೆಕ್ಟರ್ ಫೆರೆತಿ ಮೆಚ್ಚಿದರೆ ಸವಾಯಿ ದ್ವೀಪದ ಈ ಕಡಲತಡಿಯ ಶಾಲೆಯಲ್ಲೇ ಕೆಲಸ ಖಾಯಂ. ಇಲ್ಲವೋ, ಹಡಗು ಹತ್ತಿ ಅಪಿಯಾ ಪಟ್ಟಣಕ್ಕೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾ ಕೂರಬೇಕು. ಅವಳಿಗೆ ಈ ಊರು ಬಿಡಲು ಸುತರಾಂ ಇಷ್ಟವಿರಲಿಲ್ಲ. ಇಪ್ಪತ್ತೆರಡು ಮಕ್ಕಳಲ್ಲಿ ಯಾರ ಹಲ್ಲು ಯಾವಾಗ ಬಿತ್ತು ಎನ್ನುವುದೂ ಅವಳಿಗೆ ಗೊತ್ತಿತ್ತು.

ಪಾಠವನ್ನೇನೋ ಚೆನ್ನಾಗಿಯೇ ಆರಿಸಿದ್ದಳು. ಯಾವುದೇ ಕೆಲಸವನ್ನು ಹೇಗೆ ಮಾಡಿದರೆಂದು ಹೇಳಲು ಇಂಗ್ಲಿಷಿನಲ್ಲಿ ಇನ್ನೊಂದು ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಿ ಜೊತೆಗಿಟ್ಟರೆ ಆಯಿತು. “ಅವಳು ಬಂದಳು ಅಂತ ಅಷ್ಟೇ ಬರೆದ್ರೆ ಅದು ಸತ್ತ ಮೀನು ಕಣ್ರೋ,” ಎಂದು ವಾರವಿಡೀ ಹೇಳಿಕೊಟ್ಟಿದ್ದಳು. “ಓಡುತ್ತಾ ಬಂದಳು, ಹಾಡುತ್ತಾ ಬಂದಳು ಅನ್ನಿ. ಆಗ ನೋಡಿ, ಬಾಲ ಅಲ್ಲಾಡಿಸುತ್ತೆ.”

ತೆಂಗಿನ ಚಿಪ್ಪಿನಲ್ಲಿ ಚೀಟಿಗಳು. ಒಬ್ಬರು ಚೀಟಿ ಎತ್ತಿ, ಅದರಲ್ಲಿದ್ದ ಹಾಗೆ ಕರಿಹಲಗೆಯ ಮುಂದೆ ಈ ಕಡೆಯಿಂದ ಆ ಕಡೆಗೆ ದಾಟಬೇಕು. ಉಳಿದವರು ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಮೂರು ದಿನದ ಅಭ್ಯಾಸದಲ್ಲಿ ಮಕ್ಕಳು ಕುಣಿದ ರಭಸಕ್ಕೆ ಚಾಪೆಗಳೇ ಹರಿದಿದ್ದವು.

ಆದರೆ ಬಂದ ಅತಿಥಿಯನ್ನು ಹಿಂದೆ ಕೂರಿಸುವುದುಂಟೆ? ಶಾಲೆಯಲ್ಲಿದ್ದ ಒಂದೇ ಒಂದು ಒಳ್ಳೆ ಕುರ್ಚಿಗೆ ಮನೆಯ ಕುಸುರಿ ಚಾಪೆ ಹೊದಿಸಿ, ಅದನ್ನು ಕರಿಹಲಗೆಯ ಪಕ್ಕದಲ್ಲೇ ಇಟ್ಟಳು. ಫೆರೆತಿ ಬಂದ, ಬಿಸಿ ಕೋಕೋ ಕುಡಿದ, ಮಕ್ಕಳ ಕಡೆ ಮುಖ ಮಾಡಿ ಕೂತ. ತನ್ನ ಊರಿನ ಯಜಮಾನಿಕೆಯ ಬಿರುದಿದ್ದ ಮನುಷ್ಯ, ಹೊಟ್ಟೆಯೂ ಬಿರುದಿಗೆ ತಕ್ಕ ಹಾಗೇ ಇತ್ತು.

ಮೊದಲು ಎದ್ದವಳು ಅಪೆರಿಲಾ. ಈ ಒಂಬತ್ತು ವರ್ಷದ ಪೋರಿ ಇಡೀ ತರಗತಿಯಲ್ಲೇ ಬಾಯಾಳಿ. ಚೀಟಿಯಲ್ಲಿ ‘ಕುಣಿಯುತ್ತಾ’ ಎಂದಿತ್ತು. ಅಪೆರಿಲಾ ಕುರ್ಚಿಯನ್ನು ನೋಡಿದಳು, ಫೆರೆತಿಯನ್ನು ನೋಡಿದಳು, ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದತ್ತ ಚಾಚಿ, “ತುಲೋ, ತುಲೋ” ಎಂದು ಕ್ಷಮೆ ಕೇಳುತ್ತಾ ಪಿಸುಗುಟ್ಟಿ ದಾಟಿಬಿಟ್ಟಳು. ಆ ದ್ವೀಪದಲ್ಲಿ ಕೂತ ಹಿರಿಯರ ಮುಂದೆ ಯಾರೂ ನೆಟ್ಟಗೆ ನಡೆಯುವುದೇ ಇಲ್ಲ, ಇನ್ನು ಕುಣಿಯುವುದೆಲ್ಲಿ ಬಂತು.

“ಅಪೆರಿಲಾ ಬಗ್ಗುತ್ತಾ ದಾಟಿದಳು,” ಎಂದು ತರಗತಿ ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಹೇಳಿತು.

ಎರಡನೆಯವನ ಚೀಟಿ ‘ಸಿಳ್ಳೆ ಹಾಕುತ್ತಾ’, ಅವನೂ ಬಗ್ಗಿದ. ಮೂರನೆಯದು ‘ಜಿಗಿಯುತ್ತಾ’, ಅದೂ ಬಗ್ಗಿತು. ಐದು ಮಕ್ಕಳು, ಐದು ಚೀಟಿ, ಉತ್ತರ ಮಾತ್ರ ಒಂದೇ. ಫೆರೆತಿಯ ಪೆನ್ನು ಕಾಗದದ ಮೇಲೆ ಏನೋ ಗೀಚುತ್ತಿತ್ತು. ಕುರ್ಚಿ ಇಡುವಾಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ಪಿಸಾಯಿನಾ ತನ್ನನ್ನೇ ಬೈದುಕೊಂಡಳು.

“ಏನಮ್ಮಾ, ನಿನ್ ಮಕ್ಕಳಿಗೆ ಬರೋದು ಇದೊಂದೇ ಮಾತಾ?” ಎಂದ ಫೆರೆತಿ.

ಪಿಸಾಯಿನಾಳಿಗೆ ಹೆದರಿಕೆಯಾಯಿತು, ಆದರೆ ಮಕ್ಕಳನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. “ಕಣ್ಣಿಗೆ ಕಂಡದ್ದನ್ನ ಹೇಳ್ತಿದಾರೆ ಸರ್. ನಿಮ್ಮೆದುರಿಗೆ ಅವು ಕುಣಿಯಲ್ಲ. ಕುಣೀರಿ ಅಂತ ನಾನೂ ಹೇಳಲ್ಲ.”

ಫೆರೆತಿ ಎದ್ದ. “ಸರಿ, ಹಂಗಾದ್ರೆ ತಪ್ಪು ನಂದೇ,” ಎಂದು ಹೊರಗೆ ಹೋಗಿ, ಅಂಗಳದಲ್ಲಿದ್ದ, ಹಲಸಿನಂಥ ಕಾಯಿ ಬಿಡುವ ದೊಡ್ಡ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತ.

ಆಮೇಲೆ ಅಪೆರಿಲಾ ಕುಣಿದಳು ನೋಡಿ, ಕುರ್ಚಿಯ ಮೇಲಿನ ಚಾಪೆಯೇ ಜಾರಿಬಿತ್ತು. ಕುಂಟುತ್ತಾ, ತೆವಳುತ್ತಾ, ಆಕಳಿಸುತ್ತಾ ಮಕ್ಕಳು ದಾಟಿದರು. ಒಂದೊಂದಕ್ಕೂ ತರಗತಿ ಗಂಟಲು ಹರಿಯುವ ಹಾಗೆ ಇಂಗ್ಲಿಷಿನಲ್ಲಿ ಕೂಗಿತು. ಹೊರಗೆ ನಿಂತವನ ಬೆನ್ನು ನಗುವಿಗೆ ಕುಲುಕುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವನು ಬಾಗಿಲಿಗೆ ಬಂದ. “ನಂಗೂ ಒಂದು ಚೀಟಿ ಕೊಡು. ನೀನು ಆ ಕುರ್ಚಿ ಮೇಲೆ ಕೂತ್ಕೊ.”

“ನಾನಾ ಸರ್?”

“ಪಾಠ ಹೇಳೋರು ಯಾರು, ನೀನಲ್ವಾ? ಕೂತ್ಕೊ.”

ಕೂತಳು, ಕುರ್ಚಿಯ ಅಂಚಿನಲ್ಲಿ. ಫೆರೆತಿ ತೆಗೆದ ಚೀಟಿಯಲ್ಲಿ ‘ಸಿಪಾಯಿಯಂತೆ ಹೆಜ್ಜೆ ಹಾಕುತ್ತಾ’ ಎಂದಿತ್ತು. ಅವನು ಅದನ್ನು ಗಟ್ಟಿಯಾಗಿ ಓದಿ ಜೇಬಿಗೆ ಹಾಕಿಕೊಂಡ. ಮಕ್ಕಳು ನಗಲು ಸಿದ್ಧರಾದರು. ಆ ಭಾರಿ ಆಳು ಕುರ್ಚಿಯ ಹತ್ತಿರ ಬಂದವನೇ ಸೊಂಟ ಬಗ್ಗಿಸಿದ, ಕೈ ನೆಲದತ್ತ ಚಾಚಿದ, “ತುಲೋ, ಟೀಚರ್” ಎನ್ನುತ್ತಾ ಇಪ್ಪತ್ತಾರು ವರ್ಷದ ಪಿಸಾಯಿನಾಳ ಮುಂದೆ ನಿಧಾನವಾಗಿ ದಾಟಿದ.

ಯಾರೂ ನಗಲಿಲ್ಲ. “ಇನ್‌ಸ್ಪೆಕ್ಟರ್ ಬಗ್ಗುತ್ತಾ ದಾಟಿದರು,” ಎಂದಳು ಅಪೆರಿಲಾ, ಮೆಲ್ಲಗೆ. ಆಮೇಲೆ ಕುರ್ಚಿಯ ಕಡೆ ನೋಡಿ, ಯಾರೂ ಕೇಳದಿದ್ದರೂ ಇನ್ನೊಂದು ವಾಕ್ಯ ಸೇರಿಸಿದಳು. “ಟೀಚರ್ ಅಳುತ್ತಾ ಕೂತಿದ್ದಾರೆ.”

“ಲೇ, ನಗ್ತಾ ಇದೀನಿ ಕಣೇ,” ಎಂದಳು ಪಿಸಾಯಿನಾ, ಕಣ್ಣೊರೆಸಿಕೊಳ್ಳುತ್ತಾ.

ಫೆರೆತಿ ಸೊಂಟ ಹಿಡಿದುಕೊಂಡು ನೆಟ್ಟಗಾದ. “ಮುಂದಿನ ವರ್ಷ ನಾನು ಬಂದಾಗ,” ಎಂದ, “ನನ್ ಕುರ್ಚೀನ ಹಿಂದುಗಡೆ ಹಾಕಮ್ಮ.”