ಕೊನೆಗೆ ಏಳು

ತಂಗಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಆಪರೇಷನ್ ಅಂದಿದ್ದರು. ಹತ್ತೂವರೆಯಾದರೂ ಅವಳ ಸ್ಟ್ರೆಚರ್ ಥಿಯೇಟರಿನ ಬಾಗಿಲಲ್ಲೇ ಇತ್ತು. ಸ್ಕ್ಯಾನ್ ಚಿತ್ರಗಳನ್ನು ಇಟ್ಟುಕೊಂಡಿರುವ ಸರ್ವರ್ ಥಿಯೇಟರಿನೊಳಗಿನ ಕಂಪ್ಯೂಟರ್ ಪರದೆಗೆ ಸಿಗುತ್ತಿಲ್ಲವಂತೆ. ಚಿತ್ರ ನೋಡದೆ ಸರ್ಜನ್ ಕೈ ಹಾಕುವುದಿಲ್ಲ. ಹನ್ನೊಂದರೊಳಗೆ ಶುರುವಾಗದಿದ್ದರೆ ಬೇರೆ ಆಸ್ಪತ್ರೆಗೆ ಹೊರಟುಬಿಡುತ್ತಾರೆ. ಮತ್ತೆ ಬರುವುದು ಮೂರು ದಿನಕ್ಕೆ. ಮೂರು ದಿನ ಈ ನೋವು!

"ಏನಂತೆ ಅಕ್ಕಾ?"

"ಸರ್ವರ್ ಬಿದ್ದಿದೆಯಂತೆ."

"ಅದಕ್ಕೂ ಪಕ್ಕದಲ್ಲೊಂದು ಸ್ಟ್ರೆಚರ್ ಹಾಕಿಸು. ನಾನೂ ಬಿದ್ದೇ ಬಂದವಳು."

ನರ್ಸ್ ನಕ್ಕು, ಒಣಗಿದ್ದ ಅವಳ ತುಟಿಗೆ ಒದ್ದೆ ಹತ್ತಿ ಒತ್ತಿದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎದುರಿಗಿದ್ದ, ಬೀರುವಿನಷ್ಟೇ ಅಗಲದ ಕೋಣೆಗೆ ಮೂರನೇ ಸಲ ಇಣುಕಿದೆ. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವಳು ಫೋನನ್ನು ಸ್ಪೀಕರಿಗೆ ಹಾಕಿ ತನ್ನ ಸೋದರಮಾವನ ಜೊತೆ ಮಾತಾಡುತ್ತಿದ್ದಳು. ಯಂತ್ರಗಳನ್ನೆಲ್ಲ ಜೋಡಿಸಿಕೊಟ್ಟವರು ಅವರೇ.

"ಕರೆಂಟ್ ಹೋಗಿ ಬಂದಾಗೆಲ್ಲ ಈ ಸರ್ವರಿನ ವಿಳಾಸ ಬದಲಾಗ್ತಿದೆ ಮಾವ."

"ಬಾಡಿಗೆ ಮನೆ ಬಿಡಿಸು ಅದಕ್ಕೆ! ಒಳಗಿನ ಪರದೆ ಹುಡುಕೋ ವಿಳಾಸವನ್ನೇ ಕಾಯಂ ಮಾಡು. ವಿಳಾಸಕ್ಕೆ ನಾಲ್ಕು ಚೌಕ ಇದೆಯಲ್ಲ, ಮೊದಲ ಮೂರು ಇದ್ದ ಹಾಗೇ ಇರಲಿ. ಕೊನೆಗೆ ಏಳು."

"ಅಷ್ಟೇನಾ?"

"ಅಷ್ಟೇ."

ಅವಳು ಗುಂಡಿ ಒತ್ತಿ ಎದ್ದೇಬಿಟ್ಟಳು. "ಎಷ್ಟು ಹೊತ್ತು ನಿಂತಿರ್ತೀರಿ, ಕೂತ್ಕೊಳ್ಳಿ ಅಮ್ಮ," ಎಂದು ತನ್ನ ಕುರ್ಚಿ ನನ್ನತ್ತ ತಳ್ಳಿ ಥಿಯೇಟರಿಗೆ ಓಡಿದಳು.

ಬರುವಾಗ ಮುಖ ಬಾಡಿತ್ತು. "ಇನ್ನೂ ಸಿಕ್ತಿಲ್ಲ ಮಾವ." ಗಡಿಯಾರದಲ್ಲಿ ಹತ್ತು ನಲವತ್ತೆಂಟು.

ಅವಳ ಕುರ್ಚಿಯಲ್ಲಿ ಕೂತಿದ್ದರಿಂದ ಪರದೆ ನನ್ನ ಮುಖಕ್ಕೇ ಇತ್ತು. ಕೊನೆಯ ಚೌಕದಲ್ಲಿ ನಲವತ್ತೊಂದು.

"ಅವರು ಏಳು ಅಂದರಲ್ಲ," ಎಂದೆ ಅಳುಕುತ್ತಲೇ.

"ಹೌದು, ಅದಕ್ಕೇ ಎದ್ದೆ."

ಫೋನಿನಲ್ಲಿ ಮಾವ ಕೂಗಿದರು. "ಅಯ್ಯೋ ಪೆದ್ದಿ, ಆರಾದ ಮೇಲಿನ ಏಳು!"

"ಚಿಕ್ಕಂದಿನಲ್ಲಿ ಇದೇ ದನಿಯಲ್ಲಿ ಎಬ್ಬಿಸ್ತಿದ್ರಲ್ಲ ನೀವು!"

"ಆಗ ಹತ್ತು ಸಲ ಕೂಗಿದರೂ ಏಳ್ತಿರಲಿಲ್ಲ. ಇವತ್ತು ಒಂದೇ ಮಾತಿಗೆ ಎದ್ದಿದ್ದೀಯ. ಹಾಕು, ಬೇಗ ಹಾಕು."

ನನ್ನ ಭುಜದ ಮೇಲಿಂದ ಕೈ ಚಾಚಿ ಹಾಕಿದಳು. ನಾನು ಉಗುರು ಕಚ್ಚುತ್ತಿದ್ದೆ, ಈ ವಯಸ್ಸಿನಲ್ಲಿ.

ಥಿಯೇಟರಿನ ಬಾಗಿಲು ತೆರೆಯಿತು. "ಚಿತ್ರ ಬಂತು, ಪೇಷಂಟನ್ನ ಕರ್ಕೊಂಡು ಬನ್ನಿ!"

ಸ್ಟ್ರೆಚರ್ ಉರುಳಿತು. ತಂಗಿ ನನ್ನ ಬೆರಳನ್ನು ಹೊಸ್ತಿಲಿನವರೆಗೂ ಬಿಡಲಿಲ್ಲ.

ಎರಡು ಗಂಟೆ ಹಿಡಿಯುತ್ತದೆ ಎಂದರು. ನಾನು ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ನಡೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನವಳು ಕೋಣೆಗೆ ಬೀಗ ಹಾಕಿ ಬಂದಳು. ಕೂತುಕೊಳ್ಳಿ ಅನ್ನಲಿಲ್ಲ, ಗಾಬರಿ ಬೇಡ ಅನ್ನಲಿಲ್ಲ. ನನ್ನ ನಡಿಗೆಗೆ ತಕ್ಕಂತೆ ತನ್ನ ನಡಿಗೆಯನ್ನು ನಿಧಾನ ಮಾಡಿಕೊಂಡು ಪಕ್ಕದಲ್ಲಿ ನಡೆದಳು.