ಬೆಳಗಿದ ಮೂರ್ತಿ

ಖಾನಾಪುರದ ದಾರಿಯಲ್ಲಿ ಕಾರು ದೇಸೂರು ದಾಟುವಾಗ ಅಜ್ಜಿ ಚಂಪಾಬಾಯಿಯ ಫೋನು ಬಂತು. "ಶೀತಲ, ಭಗವಾನರನ್ನ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ಬೆಳಗೀನಿ. ಬಂಗಾರದಂಗ ಕಾಣತಾರ ನೋಡು."

ಶೀತಲ ಗಡಬಡಿಸಿ ಫೋನು ಇಟ್ಟಳು. ಖಾನಾಪುರದ ಮನೆಯ ಅಟ್ಟದಲ್ಲಿ ಸಿಕ್ಕ ಆ ಕಂಚಿನ ತೀರ್ಥಂಕರ ಮೂರ್ತಿಯ ಫೋಟೊ ತೋರಿಸಿ, ಬೆಳಗಾವಿಯಲ್ಲಿ ತಾನು ಕೆಲಸ ಮಾಡುವ ಮ್ಯೂಸಿಯಮ್ಮಿನ ಪ್ರದರ್ಶನಕ್ಕೆ ಅದನ್ನು ತೆಗೆದುಕೊಳ್ಳುವಂತೆ ಅಲ್ಲಿನವರನ್ನು ಒಪ್ಪಿಸಿದವಳೇ ಅವಳು. ಮೂರ್ತಿ ಒಯ್ಯಲು ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಮ್ಯೂಸಿಯಮ್ಮಿನ ಮುಖ್ಯಸ್ಥ ಹುಕ್ಕೇರಿಯವರು ಮೊಬೈಲಿನಲ್ಲಿ ಅದೇ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದರು.

"ಈ ಹಸರು ಕಿಲುಬು ನೋಡ್ರಿ. ಎಂಟುನೂರು ವರ್ಷದ ಸಾಕ್ಷಿ ಇದು. ಹೋದ ತಿಂಗಳು ಒಂದು ಮನ್ಯಾಗ ಹಳೇದು ಮಾರಿ, ಹೊಸಾದು ಇಟ್ಟು ನಮಗ ತೋರಿಸಿದ್ರು. ಪೊಲೀಸರನ್ನ ಕರಸಬೇಕಾತು."

ಈ ಮಾತಾದ ಮೇಲೆ ಏನು ಹೇಳಿದರೂ ಕಟ್ಟುಕಥೆಯಂತೆ ಕೇಳಿಸೀತು. ಶೀತಲ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಚಂಪಾಬಾಯಿ ತಾಟಿನಲ್ಲಿ ಮೂರ್ತಿ ಇಟ್ಟುಕೊಂಡು ಬಾಗಿಲಲ್ಲೇ ಕಾದಿದ್ದಳು. ಮನೆಯಿಂದ ಹೊರಡುವ ದೇವರನ್ನು ಬೆಳಗದೆ ಕಳಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಕಿಲುಬು ಎಳ್ಳಷ್ಟೂ ಉಳಿದಿರಲಿಲ್ಲ. ಫೋಟೊದಲ್ಲಿ ಕಾಣುತ್ತಿದ್ದ ಪೀಠದ ಅಕ್ಷರಗಳೂ ಸವೆದುಹೋಗಿದ್ದವು.

ಹುಕ್ಕೇರಿಯವರು ಫೋಟೊ ನೋಡಿದರು, ಮೂರ್ತಿ ನೋಡಿದರು. ದನಿ ಏರಿಸದೆ ಕೇಳಿದರು: "ಅಜ್ಜಿ, ಹಳೇದು ಎಲ್ಲೈತ್ರಿ?"

"ಇದ ಐತಲ್ರಿ ಅದು," ಚಂಪಾಬಾಯಿ ನಕ್ಕಳು. "ಗುರ್ತ ಸಿಗಲಿಲ್ಲೇನು? ಮೂರು ದಿನ ತಿಕ್ಕೀನಿ."

ಹುಕ್ಕೇರಿಯವರು ನಗಲಿಲ್ಲ. ನಿಧಾನವಾಗಿ ಶೀತಲಳ ಕಡೆ ತಿರುಗಿದರು.

"ದಾರ್ಯಾಗ ಬಂದ ಫೋನು ಯಾರದಿತ್ರಿ?"