ಡಬ್ಬಿ ಖಾಲಿಯಾಗಿದ್ದ ಸಂಜೆ

ಸಹಿ ಹಾಕಿದರೆ ಕೆಲಸಕ್ಕೆ ಕುತ್ತು. ಹಾಕದಿದ್ದರೆ? ಶವಪೆಟ್ಟಿಗೆಯ ಎಡಬದಿಗೆ ಹೆಗಲು ಕೊಟ್ಟು ನಡೆಯುತ್ತಿದ್ದ ಗುಮಾಸ್ತನ ಮನಸ್ಸು ಆ 'ಹಾಕದಿದ್ದರೆ'ಯನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ.

ಹೊಸ ನಿಯಮದ ಕರಡನ್ನು ಟೈಪ್ ಮಾಡಿದವನು ಅವನೇ. ರಾಷ್ಟ್ರೀಯ ಉದ್ಯಾನದ ಕಾಲುದಾರಿಗೆ ಇನ್ನು ಮುಂಗಡ ಪಾಸ್ ಇದ್ದವರಿಗಷ್ಟೇ ಪ್ರವೇಶ. ಹಿಂಬಾಗಿಲಲ್ಲಿ ಕಾವಲುಗಾರನ ಬದಲು ಎಣಿಸುವ ಯಂತ್ರ. ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಲು ಈ ಸಂಜೆ ಐದು ಗಂಟೆಯೇ ಗಡುವು. ಆ ಹಿಂಬಾಗಿಲನ್ನು ಇಪ್ಪತ್ತೆಂಟು ವರ್ಷ ಕಾದವನು ಪೆಟ್ಟಿಗೆಯೊಳಗಿದ್ದ.

"ಡಬ್ಬಣ್ಣ ಇಷ್ಟು ಭಾರ ಅಂತ ಗೊತ್ತಿರ್ಲಿಲ್ಲ," ಬಲಬದಿಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಏದುಸಿರು ಬಿಟ್ಟರು. ದಿನವೂ ಆ ದಾರಿಯಲ್ಲಿ ನಡೆಯುತ್ತಿದ್ದವರು ಅವರು. "ಜೇಬಿನ ತುಂಬ ಕಲ್ಲು ತುಂಬ್ಕೊಂಡೇ ಹೊರಟಿದ್ದಾನೋ ಏನೋ!"

ಹಿಂದಿದ್ದವರು ನಕ್ಕರು, ಮೂಗು ಒರೆಸಿಕೊಂಡರು.

ಆ ಹೆಸರು ಬಂದದ್ದು ಅವನ ಬಿಸ್ಕತ್ತಿನ ಡಬ್ಬಿಯಿಂದ. ಒಬ್ಬರು ಒಳಗೆ ಹೋದರೆ ಒಂದು ಕಲ್ಲು ಡಬ್ಬಿಗೆ, ಹೊರಗೆ ಬಂದರೆ ಒಂದು ಕಲ್ಲು ಆಚೆಗೆ. ಡಬ್ಬಿ ಖಾಲಿಯಾಗದೆ ಬೀಗವಿಲ್ಲ.

"ಆಕ್ಷೇಪಣೆಗೆ ನಲವತ್ತು ಸಹಿ ಆಗಿದೆ," ಮೇಷ್ಟ್ರು ದನಿ ತಗ್ಗಿಸಿದರು. "ನಿನ್ನನ್ನ ಕೇಳಲ್ಲಪ್ಪ. ನಿಂದು ಹೊಟ್ಟೆಪಾಡು."

ಗುಮಾಸ್ತ ಹೆಗಲು ಬದಲಿಸಿದ.

*

ಹನ್ನೊಂದು ವರ್ಷಗಳ ಹಿಂದೆ, ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದವನು, ಒಂದು ಮಧ್ಯಾಹ್ನ ಆ ಬಾಗಿಲು ದಾಟಿದ್ದ. ಎದುರಿನಿಂದ ಶಾಲೆಯ ಮಕ್ಕಳ ದಂಡು ಗದ್ದಲ ಮಾಡುತ್ತ ಹೊರಬರುತ್ತಿತ್ತು. ಯಾರೂ ಅವನನ್ನು ನೋಡಿದಂತೆ ಕಾಣಲಿಲ್ಲ.

ಹೊತ್ತು ಮುಳುಗುವಾಗ ಕಣಿವೆಯ ಅಂಚಿನ ಬಂಡೆಯ ಮೇಲಿದ್ದ. ಹಿಂದೆ ಕೆಮ್ಮು ಕೇಳಿಸಿತು.

"ಇಲ್ಲಿದ್ದೀಯಾ? ಏಳಪ್ಪ. ನಿಂದೊಂದೇ ಕಲ್ಲು ಉಳ್ಕೊಂಡಿದೆ. ನಾನೂ ಮನೆಗೆ ಹೋಗ್ಬೇಡ್ವಾ?"

ಡಬ್ಬಣ್ಣ ಬೇರೇನೂ ಕೇಳಲಿಲ್ಲ. ದಾರಿಯುದ್ದಕ್ಕೂ ತನ್ನ ಮಂಡಿನೋವನ್ನು ಬೈದುಕೊಂಡ. ಅವನ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಚಪ್ಪಲಿ. ಮಂಡಿನೋವಿಗೇ ಇರಬೇಕು ಅಂದುಕೊಂಡ ಗುಮಾಸ್ತ. ಬಾಗಿಲ ಬಳಿ ಡಬ್ಬಣ್ಣ ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟ.

"ನಾಳೆ ಆಫೀಸಿಗೆ ಬಾ. ಟೈಪಿಂಗ್ ಬರೋರು ಬೇಕಂತೆ. ತಡ ಮಾಡ್ಬೇಡ ಮತ್ತೆ!"

*

ಮಣ್ಣು ಮುಚ್ಚಿ ಬಂದ ಮೇಲೆ ಡಬ್ಬಣ್ಣನ ಹೆಂಡತಿ ಗುಮಾಸ್ತನನ್ನು ಒಳಗೆ ಕರೆದು ಡಬ್ಬಿಯನ್ನು ಕೈಗಿಟ್ಟರು.

"ನಿಂಗೇ ಕೊಡ್ಬೇಕು ಅಂದಿದ್ರು."

"ಹೌದಮ್ಮ, ಅವತ್ತು ಇದರಲ್ಲಿ ನನ್ನ ಕಲ್ಲು ಉಳಿದಿತ್ತು. ಇಲ್ದಿದ್ರೆ ಹುಡುಕ್ಕೊಂಡು ಬರ್ತಾನೇ ಇರ್ಲಿಲ್ಲ."

"ಎಲ್ಲಿ ಉಳಿದಿತ್ತು?" ಅವರು ಅಳುವಿನ ನಡುವೆಯೇ ನಕ್ಕರು. "ಮಕ್ಕಳ ಗಲಾಟೇಲಿ ನಿನ್ನ ಕಲ್ಲು ಹಾಕೋದನ್ನೇ ಮರ್ತಿದ್ರು. ಡಬ್ಬಿ ಖಾಲಿ. ಬೀಗ ಹಾಕಿ ಮನೆಗೆ ಬಂದು, ಇಲ್ಲೇ ಕೂತು ಒಂದು ಬೂಟು ಬಿಚ್ಚಿದ್ರು. 'ಅಯ್ಯೋ, ಒಬ್ಬ ನೀರಿನ ಬಾಟಲಿನೂ ಇಲ್ದೆ ಹೋದ ಕಣೇ. ಅವನ ಮುಖ ಸರಿ ಇರ್ಲಿಲ್ಲ' ಅಂದೋರೇ, ಸಿಕ್ಕಿದ ಚಪ್ಪಲಿ ಮೆಟ್ಟಿ ಓಡಿದ್ರು. ಈ ವಿಷಯ ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ!"

ಗುಮಾಸ್ತ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಒಂದೇ ಒಂದು ಕಲ್ಲಿತ್ತು.

ಹೊರಗೆ ಮೇಷ್ಟ್ರು ಗಡಿಯಾರ ನೋಡುತ್ತ ನಿಂತಿದ್ದರು. ಗುಮಾಸ್ತ ಅವರ ಕೈಯಿಂದ ಹಾಳೆ ತೆಗೆದುಕೊಂಡು ನಲವತ್ತೊಂದನೆಯ ಸಾಲಿನಲ್ಲಿ ಹೆಸರು, ಹುದ್ದೆ ಎರಡನ್ನೂ ಬರೆದ. ಕಾರಣದ ಜಾಗದಲ್ಲಿ ಬರೆದ: 'ಲೆಕ್ಕ ಸೊನ್ನೆ ಎಂದ ಮೇಲೆ ಯಂತ್ರ ಹುಡುಕಿಕೊಂಡು ಬರುವುದಿಲ್ಲ.'

"ಏನಪ್ಪ ಹಾಗಂದ್ರೆ?"

"ನಡೀರಿ ಮೇಷ್ಟ್ರೇ, ಹೊತ್ತಾಯ್ತು."

ಐದಕ್ಕೆ ಹತ್ತು ನಿಮಿಷವಿದ್ದಾಗ, ಶವಸಂಸ್ಕಾರಕ್ಕೆಂದು ಮುಚ್ಚಿದ್ದ ಕಚೇರಿಯ ಬೀಗ ತೆಗೆದು, ತನ್ನ ಮೇಜಿನ ಹಿಂದೆ ಕೂತು, ತನ್ನ ಸಹಿಯೂ ಇದ್ದ ಹಾಳೆಗೆ ತಾನೇ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತಿದ. ಹಾಳೆ ಹಾರದಂತೆ ಅದರ ಮೇಲೆ ಕಲ್ಲನ್ನಿಟ್ಟ.

ಹನ್ನೊಂದು ವರ್ಷಗಳ ಹಿಂದೆ ತಾನು ಆ ಬಾಗಿಲು ದಾಟಿದ್ದು ಹಿಂತಿರುಗಿ ಬರಲು ಅಲ್ಲವೆಂದು ಅವನು ಡಬ್ಬಣ್ಣನಿಗೆ ಎಂದೂ ಹೇಳಿರಲಿಲ್ಲ. ನೀವು ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿರಲಿಲ್ಲ.